ಕೋಟು ಗಿರಾಕಿಯದು, ನೆರಳು ಯಾರದು?

‘ಒಂದು ದಿನಕ್ಕೆ ಯಾರಿಗೆ ಗೊತ್ತಾಗುತ್ತೆ?’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಸಿಮೆಂಟಿಗೆ ಮರಳು ಹೆಚ್ಚು ಬೆರೆಸಿದವನೂ ಇದನ್ನೇ ಹೇಳಿರುತ್ತಾನೆ, ಪ್ರಶ್ನೆಪತ್ರಿಕೆಯ ಲಕೋಟೆಯನ್ನು ಹಬೆಗೆ ಹಿಡಿದವನೂ ಇದನ್ನೇ ಹೇಳಿರುತ್ತಾನೆ. ದೊಡ್ಡ ದೊಡ್ಡ ಕಳ್ಳತನಗಳೆಲ್ಲ ಈ ಪುಟ್ಟ ವಾಕ್ಯದ ಮರಿಗಳು. ಆದ್ದರಿಂದ ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಮಗಳು ಈ ವಾಕ್ಯದ ಮೂತಿಗೆ ಹೇಗೆ ತಿವಿದಳು ಎಂಬುದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ಅಂಗಡಿ ಇರುವುದು ಕೋರ್ಟಿನ ಹಿಂದಿನ ಓಣಿಯಲ್ಲಿ. ಒಂದು ಉದ್ದ ಮೇಜು, ಅದರ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಕಂದು ಕಲೆಯಾದ ಬಿಳಿ ಬಟ್ಟೆ. ಪಕ್ಕದಲ್ಲಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಾಯಿಸಿದ ಕಬ್ಬಿಣದ ಸರಳು, ಸರಳಿನ ತುಂಬ ವಕೀಲರ ಕರಿ ಕೋಟುಗಳು. ಅಂಗಡಿ ನಡೆಸುವವಳು ಅಮ್ಮ. ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ಆ ಪೆಟ್ಟಿಗೆ, ಕೂಸಾಗಿದ್ದ ಮಗಳು, ಮತ್ತು ಕಸುಬಿನ ಒಂದು ಕಟ್ಟಳೆ: ಗಿರಾಕಿಯ ಬಟ್ಟೆ ಕೈಗೆ ತಾಗಬಹುದು, ಮೈಗೆ ತಾಗಕೂಡದು.

ಈ ಕಟ್ಟಳೆಯನ್ನು ಹಗುರವಾಗಿ ತೆಗೆದುಕೊಂಡ ಇಸ್ತ್ರಿಯವನೊಬ್ಬ ಪಕ್ಕದ ಬೀದಿಯಲ್ಲಿದ್ದ. ಗಿರಾಕಿಯ ರೇಷ್ಮೆ ಅಂಗಿ ಹಾಕಿಕೊಂಡು ಮದುವೆಗೆ ಹೋದ. ಊಟಕ್ಕೆ ಕೂತಾಗ ಎದುರಿಗೆ ಕೂತವನು ಅದೇ ಗಿರಾಕಿ. ಆ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ.

ಮಗಳು ಕಾಲೇಜಿನಲ್ಲಿ ಸಿನಿಮಾ ಪಾಠ ಓದುತ್ತಾಳೆ. ತರಗತಿಯಲ್ಲಿ ಅವಳಿಗೆ ‘ಇಸ್ತ್ರಿ’ ಅಂತಲೇ ಹೆಸರು. ಇಟ್ಟವರಿಗೆ ತಮಾಷೆ, ಹೊತ್ತವಳಿಗೆ ಅಲ್ಲ. ಆ ವರ್ಷ ಸಿನಿಮಾ ಮೇಷ್ಟ್ರು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಫಿಲ್ಮ್ ನುವಾರ್ ಶೈಲಿಯಲ್ಲಿ ಒಂದು ಚಿತ್ರದ ಆರಂಭವನ್ನು ಮಾತ್ರ ಚಿತ್ರೀಕರಿಸಿಕೊಂಡು ಬನ್ನಿ ಎಂದರು. ಫಿಲ್ಮ್ ನುವಾರ್ ಅಂದರೆ ಕಪ್ಪು ಬಿಳುಪಿನ, ಬೆಳಕಿಗಿಂತ ನೆರಳೇ ಜಾಸ್ತಿ ಇರುವ, ಯಾರನ್ನೂ ನಂಬಲಾಗದ ಅಪರಾಧದ ಕಥೆಗಳು. ಒಂದು ಷರತ್ತಿತ್ತು. ಮೊದಲು ಗುಂಪಾಗಿ ಕೂತು ಯೋಜನೆ ಮಾಡಬೇಕು, ಒಂದೊಂದು ದೃಶ್ಯವನ್ನೂ ಚಿತ್ರ ಬರೆದು ಗೋಡೆಗೆ ಅಂಟಿಸಬೇಕು. ಗೋಡೆ ಪಾಸಾಗದೆ ಕ್ಯಾಮೆರಾ ಮುಟ್ಟುವಂತಿಲ್ಲ. ಗುಂಪಿಲ್ಲದವರಿಗೆ ಆ ವಿಷಯದಲ್ಲಿ ಸೊನ್ನೆ, ಸೊನ್ನೆ ಬಿದ್ದವರಿಗೆ ಕೊನೆಯ ವರ್ಷಕ್ಕೆ ಪ್ರವೇಶವಿಲ್ಲ.

ಇಸ್ತ್ರಿಯ ಗುಂಪಿನಲ್ಲಿ ಉಳಿದವರು ಮೂವರು. ಸ್ವಂತ ಕ್ಯಾಮೆರಾ ಇದ್ದವನು ಧಣಿ. ಬಾಗಿಲಿಗೆ ತಲೆ ತಗ್ಗಿಸಿ ಬರುವವನು ಕಂಬ. ಉಸಿರು ತೆಗೆದುಕೊಳ್ಳಲೂ ಮಾತು ನಿಲ್ಲಿಸದವಳು ವಟವಟಿ. ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ಮೊದಲ ಸಭೆ ಸೇರಿತು.

“ಮಳೆ ಇರಬೇಕು,” ಎಂದಳು ವಟವಟಿ. “ಮಳೆ, ಸಿಗರೇಟು, ಪಿಸ್ತೂಲು, ಕೆಂಪು ತುಟಿಯ ಹೆಂಗಸು.”

“ಕಪ್ಪು ಬಿಳುಪು ಸಿನಿಮಾದಲ್ಲಿ ಕೆಂಪು ತುಟಿ ಯಾರಿಗೇ ಕಾಣ್ಸುತ್ತೆ?” ಎಂದ ಕಂಬ.

“ನಿನ್ನ ತಲೆ. ಮನಸ್ಸಿಗೆ ಕಾಣ್ಸುತ್ತೆ.”

ಧಣಿ ಮೇಜು ತಟ್ಟಿದ. “ನಿರ್ದೇಶನ ನಂದು. ಮಳೆಗೆ ಪೈಪ್ ಹಿಡಿಯೋಣ. ಕಂಬ ಕೊಲೆಗಾರ, ವಟವಟಿ ಹೆಂಗಸು. ಕೋಟು ಬೇಕು, ಉದ್ದಂದು, ಕರೀದು. ಇಸ್ತ್ರಿ, ಅದು ನಿಂದು.”

“ನನ್ನ ಹತ್ರ ಕೋಟಿಲ್ಲ.”

“ನಿಮ್ಮಂಗಡೀಲಿ ಸಾಲಾಗಿ ನೇತಾಕಿರ್ತಾರಲ್ಲ.”

“ಅದು ಗಿರಾಕಿಗಳದು.”

“ಒಂದು ದಿನಕ್ಕೆ ಯಾರಿಗೆ ಗೊತ್ತಾಗುತ್ತೆ? ಬೆಳಿಗ್ಗೆ ತಾ, ಸಂಜೆ ವಾಪಸ್ ತೂಗಾಕು. ಬೇಕಾದ್ರೆ ಇನ್ನೊಂದ್ಸಲ ಇಸ್ತ್ರಿ ಹೊಡಿ. ಬಿಟ್ಟಿ!”

ವಟವಟಿ ನಕ್ಕಳು. ಕಂಬ ನಗಲಿಲ್ಲ, ಆದರೆ ಬಾಯಿಯನ್ನೂ ಬಿಡಲಿಲ್ಲ. ನಮ್ಮ ಸುತ್ತ ಸಾವಿರ ಕಂಬಗಳಿವೆ: ಎಲ್ಲ ಕಾಣುವಷ್ಟು ಎತ್ತರ, ಒಂದು ಮಾತಾಡುವಷ್ಟು ಗಂಟಲಿಲ್ಲ. ಅವರ ಮೇಲೆ ನನಗೆ ಧಣಿಗಳ ಮೇಲಿನಷ್ಟೇ ಸಿಟ್ಟಿದೆ.

“ತರಲ್ಲ,” ಎಂದಳು ಇಸ್ತ್ರಿ.

“ಕೋಟು ತರದವಳು ಗುಂಪಲ್ಲಿ ಯಾಕೆ? ನಾಳಿದ್ದು ಗೋಡೆಗೆ ಅಂಟಿಸೋ ದಿನ. ಅಷ್ಟರಲ್ಲಿ ಕೋಟು ಬರ್ಲಿ, ಇಲ್ಲ ನೀನು ಬೇರೆ ಗುಂಪು ನೋಡ್ಕೋ.”

ಬೇರೆ ಗುಂಪುಗಳೆಲ್ಲ ಆಗಲೇ ತುಂಬಿದ್ದವು, ಅದು ಅವನಿಗೂ ಗೊತ್ತಿತ್ತು. ಓಣಿ ಕ್ರಿಕೆಟ್ಟಿನಲ್ಲಿ ಬ್ಯಾಟು ಯಾರದೋ ಮೊದಲ ಆಟ ಅವನದು. ಬೆಳೆದ ಮೇಲೂ ನಮ್ಮ ಜನ ಆ ಕಾನೂನನ್ನೇ ಕಾಲೇಜಿಗೆ, ಕಚೇರಿಗೆ, ವಿಧಾನಸಭೆಗೆ ಹೊತ್ತುಕೊಂಡು ಹೋಗುತ್ತಾರೆ.

ಸಂಜೆ ಅವಳು ಅಂಗಡಿಯಲ್ಲಿ ಕೂತು ಪೊಟ್ಟಣ ಕಟ್ಟಲು ಹಳೆಯ ಪತ್ರಿಕೆಗಳನ್ನು ಹರಿಯುತ್ತಿದ್ದಳು. ಹರಿಯುವ ಸದ್ದಿನಲ್ಲೇ ಅಮ್ಮನಿಗೆ ಅರ್ಥವಾಯಿತು.

“ಯಾರ ಮೇಲಿನ ಕೋಪಾನ ಪೇಪರ್ ಮೇಲೆ ತೀರಿಸ್ಕೊಳ್ತಾ ಇದ್ದೀಯ?”

“ಯಾರ ಮೇಲೂ ಇಲ್ಲ.”

“ಹಾಗಾದ್ರೆ ನೆಟ್ಟಗೆ ಹರಿ. ಅಂಗಿ ಅಗಲ ಇರ್ಬೇಕು, ಕರ್ಚೀಫ್ ಅಗಲ ಅಲ್ಲ.”

ಅಷ್ಟರಲ್ಲಿ ಕರೆಂಟು ಹೋಯಿತು. ಅಮ್ಮ ತಡಕಾಡಿ ಬ್ಯಾಟರಿ ದೀಪವನ್ನು ಹಚ್ಚಿ, ಮೇಜಿನ ಮೇಲೆ ಜಾಗವಿಲ್ಲದೆ ನೆಲದ ಮೇಲಿಟ್ಟಳು. ಎದುರಿನ ಗೋಡೆಯ ಮೇಲೆ ಧಡಕ್ಕನೆ ಒಂದು ಸಾಲು ಗಂಡಸರು ಎದ್ದು ನಿಂತರು. ಅಗಲ ಭುಜ, ತಲೆಯಿಲ್ಲ, ಕಾಲಿಲ್ಲ. ಗಾಳಿಗೆ ಒಬ್ಬ ಸ್ವಲ್ಪ ತಿರುಗಿದ.

“ಅಮ್ಮಾ, ಕೋಟಪ್ಪ!” ಎಂದಳು ಮಗಳು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಈ ಹುಡುಗಿ ಚಿಕ್ಕವಳಿದ್ದಾಗ ಊಟಕ್ಕೆ ಹಟ ಮಾಡಿದರೆ ಅಮ್ಮ ಈ ನೆರಳನ್ನೇ ತೋರಿಸಿ, “ಉಣ್ಣದಿದ್ರೆ ಕೋಟಪ್ಪ ಇಳಿದು ಬರ್ತಾನೆ” ಎಂದು ಹೆದರಿಸುತ್ತಿದ್ದಳು. ಬೇರೆ ಮಕ್ಕಳಿಗೆ ಗುಮ್ಮ, ಇವಳಿಗೆ ಕೋಟಪ್ಪ.

“ಕೋಟಪ್ಪನಿಗೆ ಕಾಲು ಬಂದ್ರೆ ಹೇಗಿರುತ್ತಮ್ಮಾ?”

“ನೀನು ಆ ವಯಸ್ಸಲ್ಲಿ ದಿನಾ ಅದನ್ನೇ ಕೇಳ್ತಿದ್ದೆ. ಕಾಲು ಬಂದ್ರೆ ಏನು, ನಡ್ಕೊಂಡು ಹೋಗ್ತಾನೆ.”

ಮಗಳು ಎದ್ದು ಸರಳಿನ ಹಿಂದೆ, ಗೋಡೆಯ ಪಕ್ಕ ಹೋಗಿ, ಒಂದು ಕೋಟಿನ ನೇರಕ್ಕೆ ತುದಿಗಾಲಲ್ಲಿ ನಿಂತಳು. ಕೋಟಿಗೂ ಅವಳಿಗೂ ನಡುವೆ ಒಂದು ಗೇಣು. ಗೋಡೆಯ ಮೇಲೆ ಆ ಒಂದು ಕೋಟಿಗೆ ಮಾತ್ರ ತಲೆ ಮೂಡಿತು, ಕೆಳಗೆ ಎರಡು ಕಾಲು ಮೂಡಿದವು. ಅಮ್ಮನ ಕೈಯಲ್ಲಿದ್ದ ನೀರಿನ ಚೊಂಬು ಅಲ್ಲೇ ನಿಂತಿತು.

“ಅಯ್ಯೋ ನಿನ್ನ! ಆಚೆ ಬಾ, ಎದೆ ಝಲ್ ಅಂತು.”

“ಅಮ್ಮ, ಇದನ್ನ ಸಿನಿಮಾ ಮಾಡ್ಲಾ? ಯಾರೂ ತೊಡಲ್ಲ. ಯಾರೂ ಮುಟ್ಟಲ್ಲ. ಕೋಟು ತೂಗಾಡೋ ಕಡೆನೇ ತೂಗಾಡುತ್ತೆ.”

“ಮತ್ತೆ ನಿಂಗೇನು ಬೇಕು?”

“ನೆರಳು. ಕೋಟು ಗಿರಾಕಿದು. ನೆರಳು ಯಾರಪ್ಪಂದು?”

ಅಮ್ಮ ಚೊಂಬು ಕೆಳಗಿಟ್ಟಳು. ಇಲ್ಲ ಎನ್ನಲು ಕಾರಣ ಹುಡುಕುತ್ತಿದ್ದಳೆಂದೇ ನನ್ನ ಊಹೆ, ಸಿಕ್ಕಲಿಲ್ಲ. “ನೆರಳಿಗೆ ನಾನೇನು ಇಸ್ತ್ರಿ ಮಾಡಿಲ್ಲ. ತಗೋ. ಆದ್ರೆ ಗಿರಾಕಿ ಬಂದು ಕೇಳಿದ್ರೆ ನಿಮ್ಮ ಸಿನಿಮಾ ಅಲ್ಲ ನಿಮ್ಮಪ್ಪನ ಸಿನಿಮಾ ಆದ್ರೂ ನಾನು ಕೋಟು ತೆಗೆದು ಕೊಡೋಳೇ.”

ಆಮೇಲೆ ಮಗಳು ಪೆಟ್ಟಿಗೆಯಿಂದ ಆರಿದ ಇದ್ದಿಲು ಆಯ್ದಳು. ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಇದ್ದಿಲಿನಿಂದಲೇ ದೃಶ್ಯಗಳನ್ನು ಬರೆದಳು. ಸುದ್ದಿಯ ಸಣ್ಣ ಅಕ್ಷರಗಳ ಮೇಲೆ ದೊಡ್ಡ ಕರಿ ಭುಜಗಳು. ಆ ಹಾಳೆಗಳಲ್ಲಿ ಒಂದು ನನ್ನ ಅಂಕಣದ್ದು. ಕೊಲೆಗಾರನ ಎರಡು ಬೂಟು ಸರಿಯಾಗಿ ನನ್ನ ನೀತಿಬೋಧೆಯ ಮೇಲೆ ನಿಂತಿದ್ದವು. ನನ್ನ ಬರಹಕ್ಕೆ ಸಿಕ್ಕ ಒಳ್ಳೆಯ ಉಪಯೋಗಗಳಲ್ಲಿ ಅದೂ ಒಂದು.

ಮರುದಿನ ಕ್ಯಾಂಟೀನಿನಲ್ಲಿ ಅವಳು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಧಣಿ ಮೊದಲು ಚೀಲ ನೋಡಿದ. “ಕೋಟೆಲ್ಲಿ?”

“ಕೋಟು ಬರಲ್ಲ. ನಾವೇ ಕೋಟಿನ ಹತ್ರ ಹೋಗೋಣ.”

“ಇದೇನು, ಬರೀ ಮಸಿ. ಮಳೆ ಎಲ್ಲಿ? ಪಿಸ್ತೂಲೆಲ್ಲಿ? ಜನ ಎಲ್ಲಿ?”

ಅವಳು ಬೆರಳಿಟ್ಟು ಹೇಳುತ್ತಾ ಹೋದಳು. ಗೋಡೆ. ಒಂದು ಕೋಟಿನ ನೆರಳು. ಇನ್ನೊಂದು. ಮತ್ತೊಂದು. ಕ್ಯಾಮೆರಾ ನಿಧಾನವಾಗಿ ಸರಿಯುತ್ತದೆ, ಇದು ಅಂಗಡಿ ಅಂತ ನೋಡುವವನಿಗೆ ಸಮಾಧಾನವಾಗುತ್ತದೆ. ಆಗ ಒಂದು ಕೋಟಿಗೆ ಕಾಲಿದೆ. ಅಷ್ಟೇ, ಶೀರ್ಷಿಕೆ.

ವಟವಟಿಯ ಮಾತು ನಿಂತಿತು. ಕಾಲೇಜಿನ ಚರಿತ್ರೆಯಲ್ಲಿ ಅದು ಮೊದಲ ಸಲ.

“ಕಾಲು ನಂದಾ?” ಎಂದು ಕೇಳಿದ ಕಂಬ, ಮೆಲ್ಲಗೆ.

“ನಿಂದಲ್ಲದೆ ಇನ್ಯಾರದು? ಅಷ್ಟು ಎತ್ತರದ ಸರಳಿನ ಮೇಲೆ ತಲೆ ಕಾಣೋದು ನಿಂದೊಂದೇ.” ಅವಳು ತುದಿಗಾಲಲ್ಲಿ ನಿಂತು ಸಾಧಿಸಿದ್ದನ್ನು ಅವನು ಸುಮ್ಮನೆ ನಿಂತೇ ಸಾಧಿಸಬಲ್ಲ ಎಂದು ಅವಳಿಗೆ ರಾತ್ರಿಯೇ ಹೊಳೆದಿತ್ತು.

“ಇದು ಆಗಲ್ಲ,” ಎಂದ ಧಣಿ. “ಕೋಟು ತಾ ಅಂದೆ, ನೀನು ಕಥೆನೇ ಬದಲಾಯಿಸ್ಕೊಂಡು ಬಂದೆ. ಕ್ಯಾಮೆರಾ ನಂದು.”

ಆಗ ಕಂಬಕ್ಕೆ ಗಂಟಲು ಬಂತು. “ಕ್ಯಾಮೆರಾ ನಿಂದು ಕಣಯ್ಯ, ಕಾಲು ನಂದು. ಪೈಪ್ ಮಳೇಲಿ ನೆನೆಯೋಕೆ ನಾನು ಬರಲ್ಲ. ಇದಕ್ಕಾದ್ರೆ ಬರ್ತೀನಿ.”

“ನಾನೂ,” ಎಂದಳು ವಟವಟಿ. “ಕೆಂಪು ತುಟಿ ಬೇಡ. ನಮ್ಮನೆ ಓದೋ ದೀಪ ತರ್ತೀನಿ.”

ಧಣಿ ಎದ್ದು ಹೋಗಲಿಲ್ಲ. ಹಾಳೆಗಳನ್ನು ತನ್ನ ಕಡೆ ತಿರುಗಿಸಿಕೊಂಡ, ಬಹಳ ಹೊತ್ತು ನೋಡಿದ. ಕೊನೆಗೆ, “ಕ್ಯಾಮೆರಾ ಸರಿಯೋಕೆ ನಿಮ್ಮಂಗಡಿ ಮೇಜಿನ ಮೇಲೆ ಕಂಬಳಿ ಇದೆಯಲ್ಲ, ಅದರ ಮೇಲಿಟ್ಟು ಅದನ್ನೇ ಎಳೆದ್ರೆ ಅಲುಗಾಡಲ್ಲ” ಎಂದ. ಶರಣಾಗತಿಗೆ ಪ್ರತಿಯೊಬ್ಬನಿಗೂ ತನ್ನದೇ ಭಾಷೆ ಇರುತ್ತದೆ.

ಗೋಡೆಯ ದಿನ ಎಲ್ಲ ಗುಂಪುಗಳಲ್ಲೂ ಮಳೆ ಸುರಿಯುತ್ತಿತ್ತು, ಎಲ್ಲರ ಬಾಯಲ್ಲೂ ಸಿಗರೇಟು ಹೊಗೆಯಾಡುತ್ತಿತ್ತು. ಮೇಷ್ಟ್ರು ಇದ್ದಿಲ ಹಾಳೆಗಳ ಮುಂದೆ ನಿಂತರು.

“ಪಿಸ್ತೂಲು?”

“ಇಲ್ಲ ಸಾರ್.”

“ಕೊಲೆ?”

“ಇನ್ನೂ ಆಗಿಲ್ಲ ಸಾರ್. ಇದು ಶುರು ತಾನೆ?”

ಮೇಷ್ಟ್ರು ಕೊನೆಯ ಹಾಳೆಗೆ ಬಂದರು, ಕಾಲುಗಳನ್ನು ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು. “ನಿರ್ದೇಶಕರು ಯಾರು?”

ಧಣಿ ಬಾಯಿ ತೆರೆದ. ಇಸ್ತ್ರಿ ನೆಲ ನೋಡಿದಳು. “ನಾನು ಕ್ಯಾಮೆರಾ ಸಾರ್,” ಎಂದ ಧಣಿ. “ನಿರ್ದೇಶನ ಅವಳದು.” ಆ ಒಂದು ವಾಕ್ಯಕ್ಕಾಗಿ ಅವನ ಅರ್ಧ ಪಾಪವನ್ನು ನಾನು ಮನ್ನಾ ಮಾಡಿದ್ದೇನೆ. ಉಳಿದರ್ಧ ಹಾಗೇ ಇರಲಿ, ಅವನ ಒಳ್ಳೆಯದಕ್ಕೇ.

ಮಟಮಟ ಮಧ್ಯಾಹ್ನ ಶಟರ್ ಎಳೆದು ಅಂಗಡಿಯೊಳಗೆ ರಾತ್ರಿ ಮಾಡಿದರು. ಮೇಜಿನ ಮೇಲೆ ಕ್ಯಾಮೆರಾ, ನೆಲದ ಮೇಲೆ ದೀಪ, ಗೋಡೆಯ ಪಕ್ಕ ಉಸಿರು ಬಿಗಿಹಿಡಿದ ಕಂಬ. ಅಮ್ಮ ಮೂಲೆಯಲ್ಲಿ ಕಾವಲು. ಧಣಿ ಕಂಬಳಿಯನ್ನು ಕೂದಲೆಳೆಯಷ್ಟು ಎಳೆಯುತ್ತಾ ಹೋದ. ಕೋಟು, ಕೋಟು, ಕೋಟು, ಕಾಲು. ಇನ್ನೇನು ಮುಗಿಯಬೇಕು, ಶಟರಿನ ಮೇಲೆ ದಬದಬ.

“ಅಮ್ಮಾ, ಒಳಗಿದ್ದೀರಾ? ನನ್ನ ಕೋಟು! ಕೇಸು ಕೂಗ್ತಿದ್ದಾರೆ!”

ಧಣಿ ತಲೆ ಚಚ್ಚಿಕೊಂಡ. “ಒಂದೇ ನಿಮಿಷ ಅನ್ನಿ ಅವರಿಗೆ.”

“ಗಿರಾಕಿ ಬಂದ್ರು,” ಎಂದಳು ಅಮ್ಮ. ಅವಳು ಆಗಲೇ ಎದ್ದಿದ್ದಳು. ಆ ವಕೀಲರ ಕೋಟು ಬೇರೆ ಯಾವುದೂ ಅಲ್ಲ, ಕಂಬನ ಮುಂದೆ ತೂಗುತ್ತಿದ್ದದ್ದೇ.

“ಅಮ್ಮ ತಗೊಳ್ಲಿ,” ಎಂದಳು ಮಗಳು ಪಿಸುದನಿಯಲ್ಲಿ. “ಕ್ಯಾಮೆರಾ ನಿಲ್ಲಿಸ್ಬೇಡ. ಕಂಬ, ಅಲುಗಾಡ್ಬೇಡ.”

ಗೋಡೆಯ ಮೇಲೆ ಒಂದು ಭಾರೀ ಕೈಯ ನೆರಳು ಬಂತು. ಇಸ್ತ್ರಿ ಪೆಟ್ಟಿಗೆ ಹಿಡಿದು ಹಿಡಿದು ದಪ್ಪಗಾದ ಬೆರಳುಗಳು. ಅದು ಸಾಲಿನಿಂದ ಒಂದೇ ಒಂದು ಕೋಟನ್ನು ಎತ್ತಿಕೊಂಡು ಹೋಯಿತು. ಕೋಟು ಹೋಯಿತು, ಮನುಷ್ಯ ಉಳಿದ. ಕೋಟುಗಳ ನಡುವೆ ಸಿಕ್ಕಿಬಿದ್ದವನ ಹಾಗೆ ಬಡಕಲು ನೆರಳೊಂದು, ಅದರೆದುರು ತೂಗಾಡುವ ಖಾಲಿ ಹ್ಯಾಂಗರು. ಅಮ್ಮ ಶಟರಿನ ಪಕ್ಕದ ಚಿಕ್ಕ ಬಾಗಿಲು ತೆರೆದಳು. ಹಗಲು ಒಳಗೆ ನುಗ್ಗಿತು, ಗೋಡೆ ಪೂರ್ತಿ ಬೆಳ್ಳಗಾಯಿತು.

ಹೊರಗಿನಿಂದ ವಕೀಲರ ದನಿ ಕೇಳಿತು: “ವಾಹ್, ಗರಿಗರಿ ಇದೆ.”

ಅದೇ ಹೊತ್ತಿಗೆ ಆ ಕೋಟು ಪೈಪಿನ ಮಳೆಯಲ್ಲಿ ಕಂಬನ ಮೈಮೇಲೆ ನೆನೆಯುತ್ತಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಧಣಿಯ ಮುಖವೇ ಕೇಳಿಕೊಳ್ಳುತ್ತಿತ್ತು.

ಚಿತ್ರ ತೋರಿಸಿದ ದಿನ ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಆ ವಕೀಲರು. ಅವಳೇ ಕರೆದಿದ್ದಳು. ನೆರಳೇ ಆದರೂ ಹೇಳದೆ ತೋರಿಸುವುದು ಹೇಗೆ ಎಂದು ಅವಳ ವಾದ. ಮೊದಲ ಕೋಟಿಗೆ ಸಭೆ ಪಿಸುಗುಟ್ಟುತ್ತಿತ್ತು. ಕಾಲು ಕಂಡಾಗ ಕತ್ತುಗಳು ಮುಂದೆ ಚಾಚಿದವು. ಕೈ ಬಂದು ಕೋಟು ಎತ್ತಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಟಾರನೆ ಕಿರುಚಿದರು. ಬೆಳ್ಳಗಾದ ಗೋಡೆಯ ಮೇಲೆ ಕಪ್ಪಕ್ಷರಗಳು ಮೂಡಿದವು: ‘ಕೋಟಪ್ಪ’. ಅದರ ಕೆಳಗೆ, ‘ನಿರ್ದೇಶನ: ಇಸ್ತ್ರಿ’. ಹೆಸರನ್ನು ಹಾಗೇ ಹಾಕಿ ಎಂದು ಕೇಳಿದವಳು ಮಗಳೇ. ಕುರ್ಚಿಗಳು ಹಿಂದೆ ಸರಿದ ಸದ್ದು, ಆಮೇಲೆ ಚಪ್ಪಾಳೆ. ತರಗತಿಯ ಬಾಯಲ್ಲಿ ಅಷ್ಟು ದಿನ ಕುಹಕವಾಗಿದ್ದ ಹೆಸರನ್ನು ಈಗ ಅದೇ ತರಗತಿ ಎದ್ದು ನಿಂತು ಕೂಗುತ್ತಿತ್ತು.

ವಕೀಲರು ಅಮ್ಮನ ಕಡೆ ಬಾಗಿದರು. “ಅದು ನನ್ನ ಕೋಟಲ್ವಾ?”

“ಕೋಟು ನಿಮ್ದೇ ಸಾರ್,” ಎಂದಳು ಅಮ್ಮ, ಪರದೆಯಿಂದ ಕಣ್ಣು ಕೀಳದೆ. “ನೆರಳು ನನ್ನ ಮಗಳದು.”