ಪಿಳ್ಳಮ್ಮನ ಮೂಗು

ಲಗ್ಗೆರೆಯ ಪಿಳ್ಳಮ್ಮ ಪೀಣ್ಯದಲ್ಲಿ ಲೋಹದ ಸಾಮಾನಿಗೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡೊಂದರಲ್ಲಿ ಕಸ ಗುಡಿಸುತ್ತಿದ್ದಳು. 2009ರಲ್ಲಿ ಒಂದು ದಿನ ಅಲ್ಲಿನ ಕೆಲಸಗಾರ ಮುರಳಿ ಆಸಿಡ್ ನೀರನ್ನು ತಪ್ಪಿ ಸಯನೈಡ್ ಮೋರಿಗೆ ಸುರಿದುಬಿಟ್ಟ. ಎರಡೂ ಬೆರೆತರೆ ಕೊಲ್ಲುವ ವಿಷಗಾಳಿ ಏಳುತ್ತದೆ. ಕಹಿ ಬಾದಾಮಿಯ ವಾಸನೆ ಬಂದರೆ ಓಡಬೇಕೆಂದು ಯೂನಿಯನ್ನಿನವರು ಹೇಳಿದ್ದರು, ಮಾಲೀಕ ಹೇಳಿರಲಿಲ್ಲ.

‘ವಾಸ್ನೆ ಬತ್ತೈತೆ, ಆಚೆ ನಡೀರೋ!’ ಎಂದು ಪಿಳ್ಳಮ್ಮ ಕೂಗಿದಳು.

‘ನಂಗೇನೂ ಬರ್ತಿಲ್ವಲ್ಲಕ್ಕ, ನಿಂದೇನು ನಾಯಿ ಮೂಗಾ?’ ಎಂದು ಮುರಳಿ ನಕ್ಕ. ಅವಳು ಅವನ ಕಾಲರ್ ಹಿಡಿದು ಎಳೆದೊಯ್ದಳು. ಉಳಿದ ಹತ್ತು ಜನ ಹಿಂದೆಯೇ ಓಡಿದರು.

ವಾಸನೆ ಹಿಡಿಯುವ ಪ್ರೊಟೀನನ್ನು ಮೂಗಿನಲ್ಲಿ ಮಾಡಿಸುವ ಜೀನ್ ಹೆತ್ತವರಿಂದ ಬರುತ್ತದೆ, ಅದು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ ಅದಕ್ಕೇ ಮುರಳಿಗೆ ವಾಸನೆ ಬರಲಿಲ್ಲ ಎಂದು ಆಮೇಲೆ ಎಲ್ಲರನ್ನೂ ಪರೀಕ್ಷಿಸಿದ ಡಾಕ್ಟರು ವಿವರಿಸಿದರು.

‘ಅಂಗಾದ್ರೆ ನಮ್ಮವ್ವನ ಕಾಲಿಗೆ ಬೀಳ್ರೋ’ ಎಂದಳು ಪಿಳ್ಳಮ್ಮ.

ಸಂಜೆ ಹನ್ನೊಂದು ಜನ ಸಾಲಾಗಿ ಅವಳ ಮನೆಗೆ ಬಂದದ್ದು ಕಂಡು ಮುದುಕಿಗೆ ಗಾಬರಿ. ‘ಯಾರು ಸತ್ರಪ್ಪಾ?’

‘ಯಾರೂ ಸಾಯ್ಲಿಲ್ಲ ಅಜ್ಜಿ, ಅದಕ್ಕೇ ಬಂದ್ವಿ’ ಎಂದ ಮುರಳಿ.