ಖಾಲಿ ಮೋಟಾರಿಗೆ ಮುಜುರೆ

ನಾನು ನಿಂತಿದ್ದದ್ದು ಅರಮನೆ ತಂಡದ ಗೋಲಿನ ಎಡಗಂಬದ ಹಿಂದೆ, ಕೈಚಾಚಿದರೆ ಕಂಬ ಸಿಗುವಷ್ಟು ಹತ್ತಿರ. ಸಂಸ್ಥಾನ ವಿಲೀನವಾಗುವುದಕ್ಕೆ ಕೆಲವು ವರ್ಷ ಮೊದಲು, ಚಳಿಗಾಲದ ಒಂದು ಸಂಜೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಆಮೇಲೆ ಬಹಳ ಜನ ತಮಗೆ ಏನೂ ಕಾಣಲಿಲ್ಲ ಎಂದರು.

ನಮ್ಮ ಸಂಸ್ಥಾನದ ಫುಟ್‌ಬಾಲ್ ಕಪ್ಪಿನ ನಿಯಮ ಸರಳವಾಗಿತ್ತು: ಒಮ್ಮೆ ಸೋತವರು ಮನೆಗೆ, ಸಮವಾದರೆ ಮರುದಿನ ಮತ್ತೆ ಆಟ. ಸುತ್ತಲಿನ ಬೀಳಗಿ, ಮುಧೋಳ, ಗಲಗಲಿಯವರು ಹೀಗೆ ಒಬ್ಬರನ್ನೊಬ್ಬರು ಹೊರಹಾಕುತ್ತ ಬರಬೇಕು. ಅರಮನೆ ತಂಡಕ್ಕೆ ಮಾತ್ರ ಆ ಶ್ರಮ ಕೊಡುತ್ತಿರಲಿಲ್ಲ; ಅದು ಮೊದಲ ದಿನದಿಂದಲೇ ಫೈನಲ್ಲಿನಲ್ಲಿರುತ್ತಿತ್ತು. ಕಪ್ಪಿನ ಇತಿಹಾಸವೂ ಚಿಕ್ಕದು: ಪ್ರತಿವರ್ಷ ಅರಮನೆಯಿಂದ ಮೋಟಾರಿನಲ್ಲಿ ಬರುತ್ತಿತ್ತು, ಅದೇ ಮೋಟಾರಿನಲ್ಲಿ ಹಿಂದಿರುಗುತ್ತಿತ್ತು.

ಆ ವರ್ಷ ಅವರೆದುರು ನಿಂತವರು ಬನಹಟ್ಟಿಯ ನೇಕಾರರು, ಎಲ್ಲರೂ ಬರಿಗಾಲಿನವರು. ಅವರ ನಾಯಕ ನನ್ನ ಕಾಕಾನ ಮಗ. ಕಪ್ ತಂದು ನಮ್ಮ ಓಣಿಯ ಕಟ್ಟೆಯ ಮೇಲೆ ಇಡುತ್ತೇನೆಂದು ಮಾತು ಕೊಟ್ಟು ಬಂದಿದ್ದ.

ಆಟ ಮುಗಿಯಲು ಬಂದರೂ ಯಾರದೂ ಗೋಲಾಗಿರಲಿಲ್ಲ. ಕಾಕಾನ ಮಗ ಚೆಂಡಿನೊಡನೆ ನನ್ನತ್ತಲೇ ಓಡಿ ಬರುತ್ತಿದ್ದಾಗ, ಅವನ ಬೆನ್ನ ಹಿಂದೆ ಬಯಲಿನ ಆಚೆ ತುದಿಗೆ ಅರಮನೆಯ ಪರದೆ ಹಾಕಿದ ಮೋಟಾರು ಬಂತು. ಆ ಮೋಟಾರು ಕಂಡಲ್ಲಿ ನಿಂತು, ಒಳಗಿನ ‘ಸರಕಾರ’ಕ್ಕೆ, ಎಂದರೆ ರಾಜರಿಗೆ, ಬಾಗಿ ಮುಜುರೆ ಮಾಡುವುದು ರೂಢಿ. ಜನ ಬಾಗಿದರು. ರೆಫ್ರಿ ಸೀಟಿ ಬಾಯಲ್ಲಿಟ್ಟುಕೊಂಡೇ ಬಾಗಿದ. ಗೋಲು ಕಾಯುವವನೂ ಬಾಗಿದ. ಚೆಂಡು ಅವನ ಬೆನ್ನಿನ ಮೇಲಿಂದ ಒಳಗೆ ಹೋಯಿತು.

"ಮುಜುರಿ ಮಾಡೂ ಮುಂದ ಹೊಡಿತಾರೇನಲೇ?" ಎಂದು ಅವನು ಎದ್ದು ಕೂಗಿದ.

"ನನಗ ಬೆನ್ನಾಗ ಕಣ್ಣಿಲ್ಲಲೇ!" ಎಂದ ನಮ್ಮವನು.

ಅಷ್ಟರಲ್ಲಿ ಮೋಟಾರಿನಿಂದ ಡ್ರೈವರ್ ಒಬ್ಬನೇ ಇಳಿದ. ಕಮಿಟಿಯ ಹಿರಿಯರು ಅವನನ್ನು ಕರೆದರು.

"ಒಳಗ ಯಾರಿದ್ರು?"

"ಕಪ್ ಇತ್ತರಿ."

"ಕಪ್ ಯಾರದು?"

"ಸರಕಾರದ್ದರಿ."

"ಅಂದ ಮ್ಯಾಲ ಮುಜುರಿ ಖರೆ. ಮುಜುರಿ ಖರೆ ಅಂದ್ರ ಗೋಲು ಸುಳ್ಳ. ನಾಳೆ ಮತ್ತ ಆಡ್ರಿ."

ಅಂದು ಊಟಕ್ಕೆ ಕೂತಾಗ ಕಾಕಾನ ಮಗ ತನ್ನವರಿಗೆ ಹೇಳಿದ: "ನಾಳೆ ಮೋಟಾರ ಬಂದ್ರ ಚೆಂಡ ಬಿಟ್ಟು ಬಾಗ್ರಪಾ. ಅವರಿಗಿ ನೆಪಾ ಸಿಗಬಾರದು."

ಮರುದಿನ ಅದೇ ಹೊತ್ತಿಗೆ ಕಪ್ ಹೊತ್ತು ಮೋಟಾರು ಬಂತು. ನಮ್ಮ ಹನ್ನೊಂದು ಮಂದಿ ಒಟ್ಟಿಗೆ ಬಾಗಿದರು. ಅರಮನೆಯವರು ಬಾಗಲಿಲ್ಲ. ಬಾಗಿದ ಬೆನ್ನುಗಳ ನಡುವೆ ಚೆಂಡನ್ನು ನಿಧಾನವಾಗಿ ತಳ್ಳಿಕೊಂಡು ಹೋಗಿ ಗೋಲು ಮಾಡಿದರು. ರೆಫ್ರಿ ಸೀಟಿ ಊದಿದ. ಆಟ ನಡೆದಿರುವಾಗ ಮುಜುರೆ ಬೇಡ ಎಂದು ಕಮಿಟಿ ಅಂದು ಬೆಳಿಗ್ಗೆ ಹೊಸ ನಿಯಮ ಮಾಡಿತ್ತಂತೆ. ಒಂದು ತಂಡಕ್ಕೆ ಹೇಳಿತ್ತು. ಇನ್ನೊಂದಕ್ಕೆ ಹೇಳಲು ಹೊತ್ತು ಸಿಕ್ಕಿರಲಿಲ್ಲವಂತೆ.

ಕಪ್ ಬಂದ ಮೋಟಾರಿನಲ್ಲೇ ಹಿಂದಿರುಗಿತು.

ಇದನ್ನು ಕಂಡು ಇನ್ನೂ ಬದುಕಿರುವವರು, ನನ್ನನ್ನು ಬಿಟ್ಟರೆ, ಮೂವರು. ಡ್ರೈವರ್ ಹಿಪ್ಪರಗಿಯಲ್ಲಿದ್ದಾನೆ. ಗೋಲು ಕಾಯುತ್ತಿದ್ದವನು ಜಮಖಂಡಿಯಲ್ಲಿದ್ದಾನೆ. ಎರಡನೆಯ ದಿನದ ಆಟ ಮಾತ್ರ ಅವನಿಗೆ ನೆನಪಿದೆ. ಕಾಕಾನ ಮಗ ಬನಹಟ್ಟಿಯಲ್ಲಿದ್ದಾನೆ. ಬೆನ್ನ ಹಿಂದೆ ಮೋಟಾರು ಎಷ್ಟು ಹಾರ್ನ್ ಹೊಡೆದರೂ ಅವನು ಇವತ್ತಿಗೂ ದಾರಿ ಬಿಡುವುದಿಲ್ಲ.