ಲಲಿತಮ್ಮನವರು ನನಗೆ ಹೇಳಿದ್ದರು

ಲಲಿತಮ್ಮನವರು ನನಗೆ ಹೇಳಿದ್ದರು. ಬೆಳಿಗ್ಗೆ, ತಮ್ಮ ಮನೆಯ ಗೇಟಿನ ಬಳಿ, ಮೊಣಕೈ ಹಿಡಿದು ಪಕ್ಕಕ್ಕೆ ಕರೆದು, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದ್ದರು. ಅದೇ ದಿನ ಸಂಜೆ ಆಸ್ಪತ್ರೆಯಲ್ಲಿ, ಅವರ ಗಂಡನ ಎದುರಿಗೆ ನಿಂತು, ಅವರು ಏನೂ ಹೇಳಲಿಲ್ಲ ಎಂದೆ. ನಾನು ಮಾಡಿದ್ದು ಇದು. ಉಳಿದದ್ದನ್ನು ಈಗ ಬರೆಯುತ್ತೇನೆ — ಬರೆದರೆ ಮನಸ್ಸು ಹಗುರವಾಗುತ್ತದೆ ಎಂದಲ್ಲ. ಆ ಮನೆಯ ನೆಂಟರಲ್ಲಿ ಕೆಲವರು ಇವತ್ತಿಗೂ ಲಲಿತಮ್ಮನವರ ಬಗ್ಗೆ ಒಂದು ಮಾತು ಆಡುತ್ತಾರೆ. ಆ ಮಾತು ಸುಳ್ಳು. ಆ ಸುಳ್ಳು ನನ್ನದು.

ಪದ್ಮಿನಿ ಲಲಿತಮ್ಮನವರ ಮಗಳು, ನನ್ನ ಗೆಳತಿ. ಜಯನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ದಾಟಿದರೆ ಅವರ ಮನೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಪಿಯುಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಬೇಸಿಗೆ. ನನಗೆ ಚಿತ್ರಕಲೆಯ ಹುಚ್ಚು. ಚಿತ್ರಕಲಾ ಶಾಲೆಗೆ ಸೇರಬೇಕೆಂದು ಮನೆಯಲ್ಲಿ ಜಗಳವಾಡಿ ಊಟ ಬಿಟ್ಟಿದ್ದೆ. ಕೊನೆಗೆ ಅಪ್ಪ, "ಒಂದು ದಿನ ಹೋಗು. ಮ್ಯೂಸಿಯಂ, ಗ್ಯಾಲರಿ, ಏನೇನಿದೆಯೋ ಎಲ್ಲಾ ನೋಡ್ಕೊಂಡು ಬಂದ್ಬಿಡು. ಆಮೇಲೆ ಸುಮ್ನೆ ಬಿ.ಎಸ್ಸಿ. ಸೇರ್ಕೋ," ಎಂದರು. ಅಮ್ಮ ಅದಕ್ಕೊಂದು ಷರತ್ತು ಸೇರಿಸಿದಳು — ಪದ್ಮಿನಿ ಜೊತೆಗಿದ್ದರೆ ಮಾತ್ರ. ಪದ್ಮಿನಿ ಮೆತ್ತಗಿನ ಹುಡುಗಿ, ಜವಾಬ್ದಾರಿಯವಳು ಎಂದು ಎಲ್ಲರಿಗೂ ಅವಳ ಮೇಲೆ ನಂಬಿಕೆ.

ಹಾಗಾಗಿ ನಾನು ಪದ್ಮಿನಿಯ ಬೆನ್ನು ಬಿದ್ದೆ. ಅವಳಿಗೆ ಚಿತ್ರಗಳಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ — ಇದನ್ನು ಬರೆಯಲೇಬೇಕು. ನನಗೋಸ್ಕರ ಒಪ್ಪಿದಳು. ಅವಳ ತಂದೆ ರಾಮಚಂದ್ರಯ್ಯನವರು ಸರ್ಕಾರಿ ಕಚೇರಿಯಲ್ಲಿದ್ದವರು, ಮಿತಭಾಷಿ. ಮಗಳನ್ನು ಎಲ್ಲಿಗೂ ಕಳಿಸುವವರಲ್ಲ. ಯಾಕೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಸ್ಕೂಲಿನಲ್ಲಿ ಡ್ರಿಲ್ ಪೀರಿಯಡ್ಡಿಗೆ ಅವಳು ಬರುತ್ತಿರಲಿಲ್ಲ, ಅದನ್ನೂ ಯೋಚಿಸಿರಲಿಲ್ಲ. ಲಲಿತಮ್ಮನವರೇ ಗಂಡನನ್ನು ಒಪ್ಪಿಸಿದರು. "ಅವಳ ವಯಸ್ಸಿನ ಹುಡುಗೀರೆಲ್ಲಾ ಓಡಾಡ್ತಾರೆ, ಒಂದು ದಿನ ಹೋಗಿ ಬರ್ಲಿ ಬಿಡಿ," ಎಂದರಂತೆ.

ಅವತ್ತು ಬೆಳಿಗ್ಗೆ ನಾನು ಅವಳನ್ನು ಕರೆಯಲು ಹೋದೆ. ಪದ್ಮಿನಿ ಒಳಗೆ ಜಡೆ ಹಾಕಿಕೊಳ್ಳುತ್ತಿದ್ದಳು. ಲಲಿತಮ್ಮನವರು ನನ್ನನ್ನು ಗೇಟಿನ ತನಕ ಕರೆದುಕೊಂಡು ಬಂದರು.

"ಸುಧಾ, ಇಲ್ಕೇಳಮ್ಮ. ಚಿಕ್ಕವಳಿದ್ದಾಗ ಒಂದು ಕೆಟ್ಟ ಜ್ವರ ಬಂದು ಅವಳ ಹಾರ್ಟು ವೀಕಾಗಿದೆ. ಯಾರಿಗೂ ಹೇಳ್ಬೇಡಾ ಅಂತಾಳೆ, ಅವಳಿಗೆ ಅವಮಾನ. ಜಾಸ್ತಿ ನಡೆಸ್ಬೇಡ, ಮೆಟ್ಟಿಲು ಹತ್ತಿಸ್ಬೇಡ. ಸುಸ್ತು ಅಂದ ತಕ್ಷಣ ಆಟೋದಲ್ಲಿ ಮನೇಗೆ ಕರ್ಕೊಂಡ್ಬಂದ್ಬಿಡು. ನಿನ್ನ ನಂಬಿ ಕಳಿಸ್ತಿದೀನಿ, ಆಯ್ತಾ?"

"ಆಯ್ತು ಆಂಟಿ," ಎಂದೆ. ನಗುತ್ತಲೇ ಎಂದೆ. ಬಸ್ಸಿಗೆ ಹೊತ್ತಾಗುತ್ತಿತ್ತು.

ಬಸ್ ಸ್ಟಾಪಿನಲ್ಲಿ ಇನ್ನೊಬ್ಬ ಗೆಳತಿ ಶೈಲಾ, ಬನಶಂಕರಿಯವಳು, ಕಾಯುತ್ತಿದ್ದಳು. ಮೂವರೂ ಕಾರ್ಪೊರೇಷನ್ ಹತ್ತಿರ ಇಳಿದು ಅಲ್ಲಿಂದ ನಡೆದೆವು. ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡದ ಮ್ಯೂಸಿಯಂ ಮೊದಲು. ಕೆಳಗಿನ ಅಂತಸ್ತಿನಲ್ಲಿ ವೀರಗಲ್ಲುಗಳು, ಮೂಗು ಮುರಿದ ಯಕ್ಷಿಯರು. ಹಳೆಯ ಮೈಸೂರು ಚಿತ್ರಗಳು ಮಾತ್ರ ಮಹಡಿಯಲ್ಲಿದ್ದವು. ಪದ್ಮಿನಿ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟಳು.

"ನೀವು ನೋಡ್ಕೊಂಡು ಬನ್ರೇ, ನಾನಿಲ್ಲೇ ಕೂತಿರ್ತೀನಿ."

"ಸರಿ ಬಿಡೇ, ಅವಳು ಕೂತಿರ್ಲಿ," ಎಂದಳು ಶೈಲಾ.

ನಾನು ಪದ್ಮಿನಿಯ ಕೈ ಹಿಡಿದು ಎಳೆದೆ. "ಮೇಲಿರೋದನ್ನ ನೋಡ್ದೇ ಹೋದ್ರೆ ಇಲ್ಲೀವರೆಗೂ ಬಂದಿದ್ದೇ ದಂಡ ಕಣೇ, ಬಾ."

ಆ ಕ್ಷಣಕ್ಕೆ ಲಲಿತಮ್ಮನವರ ಮಾತು ನೆನಪಿಗೆ ಬಂದಿರಲಿಲ್ಲ ಎಂದು ಬರೆಯಬಹುದಿತ್ತು. ನೆನಪಿತ್ತು. ಪೂರ್ತಿ ನೆನಪಿತ್ತು. ಆದರೆ ಅವಳನ್ನು ಮೆಟ್ಟಿಲ ಬಳಿ ಕೂರಿಸಿದರೆ ಅವಳಿಗೆ ಸುಸ್ತಾಗಿದೆ ಎಂದು ನಾನು ಒಪ್ಪಿಕೊಂಡ ಹಾಗಾಗುತ್ತಿತ್ತು. ಒಪ್ಪಿಕೊಂಡರೆ ಮನೆಗೆ ಕರೆದುಕೊಂಡು ಹೋಗಬೇಕು. ಹೋದರೆ ನನಗೆ ಸಿಕ್ಕಿದ್ದ ಒಂದೇ ಒಂದು ದಿನ ಮುಗಿದುಹೋಗುತ್ತಿತ್ತು. ಇಷ್ಟನ್ನೂ ಆಗಲೇ ಲೆಕ್ಕ ಹಾಕಿದ್ದೆ — ಹದಿನೇಳರ ಹುಡುಗಿ, ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ.

ಅವಳು ಹತ್ತಿದಳು. ಅಲ್ಲಿಂದ ಪಕ್ಕದ ಗ್ಯಾಲರಿಗೆ ಹೋದೆವು, ಅಲ್ಲೂ ಹತ್ತಿದಳು. ಒಂದೊಂದು ಚಿತ್ರದ ಮುಂದೆಯೂ ಬಹಳ ಹೊತ್ತು ನಿಲ್ಲುತ್ತಿದ್ದಳು, ಒಂದು ಕೈ ಗೋಡೆಗೆ ಕೊಟ್ಟುಕೊಂಡು. ನಾನು, "ಏನೇ ಇದು, ನನಗಿಂತ ನೀನೇ ದೊಡ್ಡ ಆರ್ಟಿಸ್ಟ್ ಆಗೋ ಹಾಗಿದೀಯಾ!" ಎಂದು ರೇಗಿಸಿದೆ. ಅವಳು ನಕ್ಕಳು. ಅವಳು ಚಿತ್ರ ನೋಡುತ್ತಿರಲಿಲ್ಲ. ಉಸಿರು ಹಿಡಿದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಪಾರ್ಕಿನ ಮರದ ಕೆಳಗೆ ಕೂತು ಚಿತ್ರಾನ್ನ ತಿಂದೆವು. ಪದ್ಮಿನಿ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. ತುಟಿಯ ಸುತ್ತ ಬಣ್ಣ ಬದಲಾಗಿತ್ತು. ಶೈಲಾ ಕೈ ತೊಳೆಯಲು ನಲ್ಲಿಯ ಕಡೆ ಹೋದಾಗ ಅವಳು ನನಗೊಬ್ಬಳಿಗೇ ಹೇಳಿದಳು — "ಸುಧಾ, ನನಗೆ ಮನೇಗೆ ಹೋಗ್ಬೇಕು ಅನ್ನಿಸ್ತಿದೆ."

ಚಿತ್ರಕಲಾ ಶಾಲೆ ಇದ್ದದ್ದು ಕುಮಾರಕೃಪ ರಸ್ತೆಯ ಕಡೆ. ಅಲ್ಲಿ ವಿದ್ಯಾರ್ಥಿಗಳ ಚಿತ್ರಗಳನ್ನು ಇಟ್ಟಿದ್ದಾರೆ, ಮೇಷ್ಟ್ರುಗಳು ಇರುತ್ತಾರೆ ಎಂದು ಯಾರೋ ಹೇಳಿದ್ದರು. ಬೆಳಗಿನಿಂದ ನನ್ನ ಮನಸ್ಸೆಲ್ಲ ಅಲ್ಲೇ.

"ಇದೊಂದೇ ಕಣೇ ಪದ್ದು. ಅದನ್ನ ನೋಡ್ಕೊಂಡು ಹಾಗೇ ಬಸ್ ಹತ್ಬಿಡೋಣ. ಪ್ಲೀಸ್."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಸರಿ," ಎಂದಳು. ಅಷ್ಟೇ. ನಾವು ಆಟೋ ಕೂಡ ಹಿಡಿಯಲಿಲ್ಲ. ಬಿಸಿಲಲ್ಲಿ ನಡೆದೆವು. ನಾನು ಮುಂದೆ — ಇಬ್ಬರಿಗಿಂತ ಎಷ್ಟೋ ಮುಂದೆ. ಶೈಲಾ ಕಿರುಚಿದ್ದು ಕೇಳಿ ಹಿಂತಿರುಗಿದಾಗ ಪದ್ಮಿನಿ ರಸ್ತೆಯ ಅಂಚಿನಲ್ಲಿ ಬಿದ್ದಿದ್ದಳು. ಚಪ್ಪಲಿ ಕಳಚಿ ಒಂದು ಕಡೆ ಹೋಗಿತ್ತು. ಆ ಹಾದಿಯಲ್ಲಿ ಬಂದ ಕಾರಿನವರೊಬ್ಬರು ನಿಲ್ಲಿಸಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಅವಳ ತಲೆ ಶೈಲಾಳ ತೊಡೆಯ ಮೇಲಿತ್ತು. ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ತಿರುಗಿ ನೋಡಲು ಆಗಲಿಲ್ಲ.

ಸಂಜೆಯ ಹೊತ್ತಿಗೆ ಅವಳು ಹೋದಳು.

ಆಸ್ಪತ್ರೆಯ ಮೆಟ್ಟಿಲ ಬಳಿ ಎರಡು ಮನೆಯವರೂ ಸೇರಿದ್ದರು. ನನ್ನ ಅಪ್ಪ ನನ್ನ ಹಿಂದೆ ನಿಂತಿದ್ದರು. ರಾಮಚಂದ್ರಯ್ಯನವರು ಕಚೇರಿಯಿಂದ ನೇರವಾಗಿ ಬಂದವರು, ಅಳುತ್ತಿರಲಿಲ್ಲ. ಹೆಂಡತಿಯ ಕಡೆ ತಿರುಗಿ, "ಅವಳ ಸ್ಥಿತಿ ಗೊತ್ತಿದ್ದೂ ಈ ಮಕ್ಕಳಿಗೆ ಒಂದು ಮಾತು ಹೇಳಿ ಕಳಿಸ್ಬಾರ್ದಿತ್ತೇ?" ಎಂದರು.

"ಹೇಳಿದ್ದೆ ರೀ! ಸುಧಾಗೆ ಹೇಳಿದ್ದೆ, ಬೆಳಿಗ್ಗೇನೆ ಗೇಟಿನ ಹತ್ರ ಕರೆದು — ಸುಧಾ, ಹೇಳಮ್ಮ..."

ಎಲ್ಲರೂ ನನ್ನ ಕಡೆ ನೋಡಿದರು.

"ಇಲ್ಲ ಅಂಕಲ್. ಆಂಟಿ ನನಗೇನೂ ಹೇಳ್ಲಿಲ್ಲ."

ಲಲಿತಮ್ಮನವರು ಕೋಪ ಮಾಡಿಕೊಳ್ಳಲಿಲ್ಲ. ಕೂಗಾಡಿದ್ದರೆ — ನನ್ನ ಕೆನ್ನೆಗೆ ಹೊಡೆದಿದ್ದರೆ — ಬಹುಶಃ ನಿಜ ಹೊರಗೆ ಬರುತ್ತಿತ್ತೇನೋ. ಅವರು ನನ್ನನ್ನೇ ನೋಡುತ್ತ, ಹುಬ್ಬು ಗಂಟಿಕ್ಕಿಕೊಂಡು, ಏನನ್ನೋ ನೆನಪು ಮಾಡಿಕೊಳ್ಳುವವರ ಹಾಗೆ ನಿಂತರು. ಆ ಮುಖವನ್ನು ಅವತ್ತಿನಿಂದ ನಾನು ಎಷ್ಟು ಸಲ... ಇರಲಿ.

ಚಿತ್ರಕಲೆಗೆ ಸೇರಲಿಲ್ಲ. ಬಿ.ಎಸ್ಸಿ. ಮಾಡಿದೆ, ಮದುವೆಯಾಯಿತು, ಜೆ.ಪಿ. ನಗರದಲ್ಲಿ ಮನೆ ಮಾಡಿದೆವು. ಪದ್ಮಿನಿಯ ಮನೆಯ ಸುದ್ದಿ ಮಾತ್ರ ಅಮ್ಮನಿಂದ ಕಿವಿಗೆ ಬೀಳುತ್ತಲೇ ಇತ್ತು. ರಾಮಚಂದ್ರಯ್ಯನವರು ಹೆಂಡತಿಯ ಜೊತೆ ನೇರ ಮಾತು ಬಿಟ್ಟಿದ್ದರು. ಏನಾದರೂ ಬೇಕಿದ್ದರೆ ಮಗ ರಘುವಿನ ಮೂಲಕ ಹೇಳಿಸುತ್ತಿದ್ದರು — "ನಿಮ್ಮಮ್ಮಂಗೆ ಹೇಳು, ಊಟಕ್ಕೆ ಬಡಿಸ್ಲಿ." ಪದ್ಮಿನಿ ಸತ್ತಾಗ ರಘು ಪುಟ್ಟ ಹುಡುಗ. ಅಕ್ಕ ಸತ್ತದ್ದು ಅಮ್ಮನ ಮರೆವಿನಿಂದ ಎಂದು ಕೇಳುತ್ತಲೇ ಬೆಳೆದ.

ಮದುವೆಯಾದ ಹೊಸತರಲ್ಲಿ ಒಂದು ದಿನ ಜಯನಗರ ಕಾಂಪ್ಲೆಕ್ಸಿನ ತರಕಾರಿ ಅಂಗಡಿಯ ಮುಂದೆ ಲಲಿತಮ್ಮನವರು ಎದುರಾದರು. ಎಷ್ಟು ಇಳಿದುಹೋಗಿದ್ದರೆಂದರೆ ಅವರು ಕರೆಯುವವರೆಗೂ ನನಗೆ ಗುರುತು ಸಿಗಲಿಲ್ಲ. ಜನರ ಗದ್ದಲದಲ್ಲೇ ನನ್ನ ಮೊಣಕೈ ಹಿಡಿದು ಕೇಳಿದರು.

"ಸುಧಾ, ನಿಜ ಹೇಳಮ್ಮ, ನಾನೇನೂ ಬೈಯಲ್ಲ. ಅವತ್ತು ನಿನ್ನ ಕರೆದು ಹೇಳ್ಲಿಲ್ವಾ ನಾನು? ನನಗೆ ಹೇಳಿದ ಹಾಗೇ ನೆನಪು. ಮನೇಲಿ ಎಲ್ಲಾರೂ ಅದು ನನ್ನ ಕಲ್ಪನೆ ಅಂತಾರೆ. ನನಗೂ ಈಗೀಗ... ತಲೆ ಕೆಟ್ಟಿದ್ಯೇನೋ ಅನ್ಸುತ್ತೆ."

ಸುತ್ತ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಅಪ್ಪ ಹಿಂದೆ ನಿಂತಿರಲಿಲ್ಲ. ನಾನು ದೊಡ್ಡವಳಾಗಿದ್ದೆ.

"ಹುಷಾರಾಗಿ ಹೋಗ್ಬನ್ನಿ ಅಂದ್ರಿ ಆಂಟಿ. ಅಷ್ಟೇ ಅಂದಿದ್ದು," ಎಂದೆ.

ಅವರು ತಲೆ ಆಡಿಸಿದರು. ಕೈ ಬಿಟ್ಟರು. ಬೀನ್ಸ್ ಆರಿಸಲು ಬಗ್ಗಿದರು.

ಮೊದಲನೆಯ ಸಲ ಹೆದರಿದ್ದೆ. ಈ ಸಲ ಏನೆಂದು ಹೇಳಲಿ? ನನ್ನ ಗಂಡನಿಗೆ ತಿಳಿದರೆ, ಅತ್ತೆಗೆ ತಿಳಿದರೆ — ಇಂಥವೇ ಯೋಚನೆಗಳು. ಒಬ್ಬ ಹೆಂಗಸು ತನ್ನ ಬುದ್ಧಿಯ ಮೇಲೆ ತನಗಿದ್ದ ಕೊನೆಯ ನಂಬಿಕೆಯನ್ನು ನನ್ನ ಕೈಗೆ ಕೊಟ್ಟು ಕೇಳಿದ್ದಳು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ರಾಮಚಂದ್ರಯ್ಯನವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅಮ್ಮನ ಜೊತೆ ನಾನೂ ಹೋದೆ. ಊಟ ಮುಗಿದು ಹೆಂಗಸರು ನಡುಮನೆಯಲ್ಲಿ ಕೂತಿದ್ದಾಗ ವಯಸ್ಸಾದ ನೆಂಟರೊಬ್ಬರು, "ಮಗಳು ಹೋದಾಗ್ಲೇ ಅವನು ಅರ್ಧ ಸತ್ತಿದ್ದ. ಒಂದು ಮಾತು ಹೇಳಿ ಕಳಿಸಿದ್ರೆ ಆ ಮಗು ಉಳೀತಿತ್ತು," ಎಂದರು, ಲಲಿತಮ್ಮನವರಿಗೆ ಕೇಳಿಸುವ ಹಾಗೇ.

ಲಲಿತಮ್ಮನವರು ಮೆಲ್ಲಗೆ, "ಹೌದು. ಹೇಳ್ಬೇಕಿತ್ತು. ಹೇಳ್ಲಿಲ್ಲ ನಾನು," ಎಂದರು.

ಅವರು ನಂಬಿಬಿಟ್ಟಿದ್ದರು.

ಮಾರನೆಯ ಮಧ್ಯಾಹ್ನ ನಾನು ಒಬ್ಬಳೇ ಹೋದೆ. ಅವರು ಒಗೆದ ಬಟ್ಟೆ ಮಡಚುತ್ತಿದ್ದರು. ನಾನು ನೆಲದ ಮೇಲೆ ಕೂತು, ಎಲ್ಲವನ್ನೂ ಹೇಳಿದೆ — ಗೇಟು, ಮೆಟ್ಟಿಲು, ಪಾರ್ಕಿನಲ್ಲಿ ಅವಳು ಮನೆಗೆ ಹೋಗಬೇಕೆಂದದ್ದು, ಆಸ್ಪತ್ರೆ, ಕಾಂಪ್ಲೆಕ್ಸು. ಅವರು ಕೈಯಲ್ಲಿದ್ದ ಪಂಚೆಯನ್ನು ಹಾಗೇ ಹಿಡಿದುಕೊಂಡಿದ್ದರು.

"ನಾನು ಹೇಳಿದ್ನಾ?"

"ಹೇಳಿದ್ರಿ."

"ಮೆಟ್ಟಿಲು ಹತ್ತಿಸ್ಬೇಡ ಅಂದ್ನಾ?"

"ಅಂದ್ರಿ ಆಂಟಿ. ಸುಸ್ತು ಅಂದ್ರೆ ಆಟೋದಲ್ಲಿ ಕರ್ಕೊಂಡ್ಬಾ ಅಂದ್ರಿ."

ಪಂಚೆಯನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, ನನಗಲ್ಲ, ಎದುರಿನ ಗೋಡೆಗೆ ಹೇಳುವವರ ಹಾಗೆ ಅಂದರು — "ಹದಿನೈದು ದಿನದ ಹಿಂದೆ ಬರ್ಬಾರ್ದಿತ್ತಾ? ಅವರಿಗೆ ಕಿವಿ ಕೇಳಿಸ್ತಿತ್ತು."

ಅವರ ಕಾಲು ಮುಟ್ಟಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ಎದ್ದು ಹೋಗ್ಬೇಡ. ರಘು ಸಾಯಂಕಾಲ ಬರ್ತಾನೆ. ಅವನ ಮುಂದೆ ಹೇಳು."

ಕಾದೆ. ಅವರು ಬಟ್ಟೆ ಮಡಚಿ ಮುಗಿಸಿದರು, ಅಕ್ಕಿ ಆರಿಸಿದರು, ದೇವರಿಗೆ ದೀಪ ಹಚ್ಚಿದರು. ರಘು ಬಂದು ಬೂಟು ಬಿಚ್ಚುತ್ತಿದ್ದ ಹಾಗೆಯೇ ಅವರು ಬಂದು ಅವನ ಎದುರು ನಿಂತರು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವನು ನನ್ನನ್ನು ನೋಡಲೇ ಇಲ್ಲ, ಅಮ್ಮನನ್ನೇ ನೋಡುತ್ತಿದ್ದ. ನನ್ನ ಮಾತು ಮುಗಿದ ಮೇಲೆ ಲಲಿತಮ್ಮನವರು ಮಗನಿಗೆ ಹೇಳಿದ್ದು ಒಂದೇ.

"ಕೇಳಿಸ್ಕೊಂಡ್ಯಾ?"

ಅವನು ತಾಯಿಯ ಎರಡೂ ಕೈ ಹಿಡಿದು ಕುಸಿದು ಕೂತ. ನಾನು ಎದ್ದು ಹೊರಗೆ ಬಂದೆ. ಯಾರೂ ತಡೆಯಲಿಲ್ಲ. ಅವರು ನನ್ನನ್ನು ಕ್ಷಮಿಸಲಿಲ್ಲ, ನಾನೂ ಕೇಳಲಿಲ್ಲ. ರಘುವಿಗೆ ಹೇಳಿದೆ. ಅವರ ಗಂಡನಿಗೆ ಹೇಳಲಾಗಲಿಲ್ಲ. ಉಳಿದ ನೆಂಟರಿಗೆ ಇಲ್ಲಿ ಹೇಳುತ್ತಿದ್ದೇನೆ — ಲಲಿತಮ್ಮನವರು ಮರೆಯಲಿಲ್ಲ. ಅವರು ಹೇಳಿದ್ದರು. ನನಗೆ ಕೇಳಿಸಿತ್ತು.